ಮಡಿವಾಳೆಪ್ಪನವರೂ ಮಂಗಳವಾರದ ಗೆರೆಯೂ

ಎಲ್ಲರಿಗೂ ಶರಣು. ಮಡಿವಾಳೆಪ್ಪನವರ ಮನೆಯವರಾದ ದೇವಕ್ಕನವರೇ, ಮಗಳು ನೀಲಾ, ಅಣ್ಣಿಗೇರಿಯಿಂದ ಬಂದಿರುವ ಬೀಗರು ಬಂಧುಗಳೇ, ಈ ಊರಿನ ಹಿರಿಯರೇ, ಪಂಚಾಯಿತಿಯ ಸದಸ್ಯರೇ, ತಾಯಂದಿರೇ— ಹಿಂದೆ ನಿಂತವರು ದಯಮಾಡಿ ಮುಂದೆ ಬನ್ನಿ. ಜಾಗ ಇದೆ. ದೂರ ನಿಂತವರಿಗೆ ಕೂಗಿ ಹೇಳುವಷ್ಟು ಶಕ್ತಿ ಇವತ್ತು ನನ್ನಲ್ಲಿಲ್ಲ, ಈ ಮೈಕೂ ನಡುನಡುವೆ ಕೈಕೊಡುತ್ತಿದೆ.

ನಾನು ಮಹಾನಂದಾ. ಮೋಜಣಿ ಕಚೇರಿಯಲ್ಲಿ ನಕ್ಷೆ ನೋಡುವ ಕೆಲಸ. ಲಿಂಗೈಕ್ಯ ಮಡಿವಾಳೆಪ್ಪನವರು ಅದೇ ಕಚೇರಿಯ ಸರ್ವೇಯರ್. ಅವರ ಟೇಬಲ್ಲು ನನ್ನ ಟೇಬಲ್ಲು ಬಾಜೂಬಾಜು. ಭಾಷಣ ಮಾಡಲು ನನಗೆ ಬರುವುದಿಲ್ಲ. ಜಗಳ ಮಾಡಲು ಬರುತ್ತದೆ— ಅದನ್ನು ಅವರಿಂದಲೇ ಕಲಿತೆ.

ಮೊನ್ನೆ ಗುರುವಾರ ಬೆಳಿಗ್ಗೆ ಕಚೇರಿಗೆ ಹೊರಟವರು, ಬೂಟಿನ ದಾರ ಕಟ್ಟಲು ಕೂತವರು, ಏಳಲಿಲ್ಲ. ಇವತ್ತು ರವಿವಾರ. ನಾಡಿದ್ದು ಮಂಗಳವಾರ ನಿಮ್ಮ ಊರಿನ ಮೇಲೆ ಮತ್ತೊಮ್ಮೆ ಡ್ರೋನ್ ಹಾರುತ್ತದೆ. ಅದನ್ನು ಕಾಡಿ ಬೇಡಿ, ಮೇಲಿನವರ ಬಾಗಿಲಲ್ಲಿ ಕೂತು ತರಿಸಿದವರೇ ಇಲ್ಲ. ನೋಡಿ, ನಾನು ಇಲ್ಲಿ ಅಳಬೇಕು. ಅಳು ಬರುತ್ತಿಲ್ಲ. ಹೆದರಿಕೆ ಬರುತ್ತಿದೆ. ಮಂಗಳವಾರ ತಪ್ಪಿದರೆ ಊರ ಅಗಸಿ ಬಾಗಿಲ ಹೊರಗಿನ ಎರಡು ಓಣಿ— ಜಮಖಾನೆ ನೇಯುವವರದೊಂದು, ಕುರಿಗಾರರದೊಂದು— ಸರ್ಕಾರದ ನಕ್ಷೆಯಲ್ಲಿ ಖಾಲಿ ಜಾಗವಾಗಿಯೇ ಉಳಿಯುತ್ತವೆ. ಖಾಲಿ ಜಾಗದಲ್ಲಿ ಇರುವವರನ್ನು ಏನು ಮಾಡುತ್ತಾರೆ ಎಂದು ನಿಮಗೆ ನಾನು ಹೇಳಬೇಕೇ?

ಸ್ವಲ್ಪ ನೀರು ಕೊಡ್ರಿ.

ಮಡಿವಾಳೆಪ್ಪನವರು ದೇವರಂಥ ಮನುಷ್ಯ ಎಂದು ನಾನು ಹೇಳುವುದಿಲ್ಲ. ಸತ್ತವರ ಬಗ್ಗೆ ಹಾಗೆ ಹೇಳಬೇಕೆಂದು ಪದ್ಧತಿಯಿದೆ, ಆದರೆ ಅವರಿಗೆ ಹೊಗಳಿಕೆ ಕೇಳಿದರೆ ಅಗದಿ ಸಿಟ್ಟು ಬರುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ. ಒಮ್ಮೆ ಅಳತೆಯ ಸರಪಳಿಗೆ ಲಗೇಜು ಎಂದ ಕಂಡಕ್ಟರನ ಜೊತೆ ಅಣ್ಣಿಗೇರಿಯಲ್ಲಿ ಶುರು ಮಾಡಿದ ವಾದವನ್ನು ನವಲಗುಂದ ಬಂದರೂ ಬಿಡಲಿಲ್ಲ. ಬಸ್ಸಿನವರೆಲ್ಲ ಎರಡು ಪಾರ್ಟಿ ಆಗಿಬಿಟ್ಟಿದ್ದರು. ಇಳಿದ ಮೇಲೆ ಆ ಕಂಡಕ್ಟರನ ಹೆಗಲ ಮೇಲೆ ಕೈ ಹಾಕಿ ಚಹದ ಅಂಗಡಿಗೆ ಕರೆದುಕೊಂಡು ಹೋದರು. ಹಂಗ ಇತ್ತು ಅವರದು.

ಆದರೆ ಅಳತೆಗೆ ಹೋದ ಮನೆಯಲ್ಲಿ ಮಾತ್ರ ಚಹಾ ಮುಟ್ಟುತ್ತಿರಲಿಲ್ಲ. ಮುಟ್ಟುತ್ತಿರಲಿಲ್ಲ! ಥರ್ಮಾಸಿನಲ್ಲಿ ತಮ್ಮದೇ ಚಹಾ ಒಯ್ಯುತ್ತಿದ್ದರು. ದೊಡ್ಡ ಗೌಡರ ಪಡಸಾಲೆಯಲ್ಲಿ ಕೂತು, ಅವರ ಎದುರಿಗೇ ಮುಚ್ಚಳ ತೆಗೆದು, ಹೀಗೆ ಊದಿಕೊಂಡು ಕುಡಿಯುತ್ತಿದ್ದರು. ಗೌಡರಿಗೆ ಅವಮಾನವಾಗುವುದಿಲ್ಲವೇ ಎಂದು ನಾನು ಕೇಳಿದ್ದೆ. ಚಹಾ ಕುಡಿದವನ ಕೈಯಲ್ಲಿ ಸರಪಳಿ ಸಡಿಲಾಗುತ್ತದೆ, ಅದಕ್ಕಿಂತ ಗೌಡರ ಸಿಟ್ಟೇ ವಾಸಿ ಎಂದಿದ್ದರು.

ಅದಕ್ಕೇ ಡ್ರೋನ್ ಬಂದಾಗ ಅವರಷ್ಟು ಕುಣಿದವರು ಯಾರೂ ಇಲ್ಲ. ಹಳ್ಳಿಯ ಮನೆ ಮನೆಗೆ ಹಕ್ಕಿನ ಕಾರ್ಡ್ ಕೊಡುತ್ತೇವೆ, ಅದಕ್ಕೆ ಆಕಾಶದಿಂದ ಚಿತ್ರ ತೆಗೆದು ನಕ್ಷೆ ಮಾಡುತ್ತೇವೆ ಎಂದು ಆದೇಶ ಬಂತು. ಮೊದಲ ದಿನ ತಾಲೂಕಿನ ಮೈದಾನದಲ್ಲಿ ಹಾರಿಸಿ ತೋರಿಸಿದರು. ಇವರು ಕತ್ತು ಎತ್ತಿ, ಎತ್ತಿ, ಟೋಪಿ ಹಿಂದೆ ಬಿದ್ದದ್ದೂ ಗೊತ್ತಿಲ್ಲ. ನನ್ನ ಕಡೆ ತಿರುಗಿ ಹೇಳಿದರು:

"ಮಹಾನಂದಾ, ಇದಕ್ಕ ಯಾರೂ ಚಾ ಕುಡಿಸಾಕ ಬರಂಗಿಲ್ಲ ನೋಡ."

ಅಷ್ಟು ನಂಬಿಕೆ ಅವರಿಗೆ. ಯಂತ್ರಕ್ಕೆ ಜಾತಿ ಗೊತ್ತಿಲ್ಲ, ಪಾರ್ಟಿ ಗೊತ್ತಿಲ್ಲ, ಯಾರ ಮನೆಯಲ್ಲಿ ಯಾರು ಮಂತ್ರಿಯ ಬೀಗರು ಎಂಬುದು ಗೊತ್ತಿಲ್ಲ. ಗೊತ್ತಿಲ್ಲದವನೇ ನ್ಯಾಯವಂತ ಎಂದು ಅವರ ಲೆಕ್ಕಾಚಾರ. ನನಗೆ ಮೊದಲಿಂದಲೂ ಅನುಮಾನ. ನಾನು ಸ್ವಭಾವದಿಂದಲೇ ಪುಕ್ಕಲಿ, ಒಳ್ಳೆಯ ಸುದ್ದಿ ಬಂದರೂ ಮೊದಲು ಬಾಗಿಲ ಅಗುಳಿ ನೋಡುವವಳು. ಏನೂ ಗೊತ್ತಿಲ್ಲದ್ದು ಯಾರೇನು ತೋರಿಸಿದರೂ ನಂಬುತ್ತದಲ್ಲ ಎಂದೆ. ನಿನಗ ಬೆಳಕಾದ್ರೂ ಚಿಂತಿ, ಕತ್ತಲಾದ್ರೂ ಚಿಂತಿ ಎಂದು ನಕ್ಕುಬಿಟ್ಟರು.

ಇನ್ನು ಹೋದ ವರ್ಷ ಆದದ್ದು. ನಿಮಗೆ ಗೊತ್ತಿದೆ, ಆದರೆ ಅಣ್ಣಿಗೇರಿಯ ಬೀಗರಿಗೆ ಗೊತ್ತಿಲ್ಲ, ಅವರಿಗಾಗಿ ಹೇಳುತ್ತೇನೆ.

ಈ ಊರಿನಲ್ಲಿ ಗ್ರಾಮದೇವತೆ ದ್ಯಾಮವ್ವನ ಹೆಸರಿನಲ್ಲಿ ವಾರ ಬಿಡುವ ಪದ್ಧತಿ ಇದೆ. ಬಿತ್ತನೆಗೆ ಮುಂಚಿನ ಮಂಗಳವಾರಗಳಲ್ಲಿ ಎತ್ತು ಹೂಡುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ. ಕಡೆಯ ಮಂಗಳವಾರ ಇಡೀ ಊರು ಮನೆಗಳಿಗೆ ಬೀಗ ಜಡಿದು, ಬುತ್ತಿ ಕಟ್ಟಿಕೊಂಡು, ದನಕರು ಹೊಡೆದುಕೊಂಡು ಹಳ್ಳದ ದಂಡೆಗೆ ಹೋಗಿಬಿಡುತ್ತದೆ. ಸಂಜೆಯತನಕ ಊರಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಪ್ಲೇಗಿನ ಕಾಲದಿಂದ ಬಂದದ್ದು ಎನ್ನುತ್ತಾರೆ. ಊರು ಬಿಡುವ ಮುಂಚೆ ಸೀಮೆ ಕಟ್ಟಬೇಕು— ರೋಗರುಜಿನ ಒಳಗೆ ಬಾರದಂತೆ ಊರಿನ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಎಳೆಯುವ ಹಕ್ಕು ರೇವವ್ವನವರ ಮನೆತನದ್ದು. ರೇವವ್ವ ಇಲ್ಲೇ ಮುಂದೆ ಕೂತಿದ್ದಾರೆ. ಅವರ ಅತ್ತೆ ಎಳೆಯುತ್ತಿದ್ದರು, ಈಗ ಇವರು ಎಳೆಯುತ್ತಾರೆ. ಅಗಸಿಯಿಂದ ಶುರುವಾಗಿ, ಹಳೆಯ ಊರನ್ನು ಸುತ್ತಿ, ಮತ್ತೆ ಅಗಸಿಗೇ ಬಂದು ಸೇರುವ ಗೆರೆ.

ಈಗ ಕೇಳಿ. ಡ್ರೋನ್ ಬರುವ ಮುಂಚೆ ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗದ ಸುತ್ತ ಸುಣ್ಣ ಹಾಕಬೇಕು. ಮೇಲಿನಿಂದ ನೋಡಿದರೆ ಯಾರದು ಎಲ್ಲಿಯವರೆಗೆ ಎಂದು ಕಾಣಬೇಕಲ್ಲ. ಪಂಚಾಯಿತಿಯವರು ಡಂಗುರ ಸಾರಿದರು: ಮಂಗಳವಾರ ಡ್ರೋನ್ ಬರುತ್ತದೆ, ಸುಣ್ಣ ಹಾಕಿರಿ. ಊರಿನವರು ಏನು ತಿಳಿದರು? ಹೇಗೂ ಮಂಗಳವಾರ ರೇವವ್ವ ಸುಣ್ಣ ಹಾಕುತ್ತಾರಲ್ಲ, ಊರಿನ ಪರವಾಗಿ ಅವರೇ ಹಾಕಿದ ಹಾಗಾಯಿತು ಎಂದರು! ನಗಬೇಡಿ. ಅಲ್ಲ, ನಗಿ. ಮಡಿವಾಳೆಪ್ಪನವರೂ ಮೊದಲು ಕೇಳಿದಾಗ ನಕ್ಕಿದ್ದರು. ಆಮೇಲೆ ನಕ್ಷೆ ನೋಡಿದರು.

ಆ ದಿನ ಅವರು ಕುಂದಗೋಳದ ಕಡೆ ಬೇರೆ ಕೆಲಸದ ಮೇಲಿದ್ದರು. ಇಲ್ಲಿಗೆ ಬಂದದ್ದು ಹೊರಗಿನ ತಂಡ. ಬಂದು ನೋಡಿದರೆ ಊರಿಗೆ ಊರೇ ಬೀಗ. ಕೇಳೋಣವೆಂದರೆ ನಾಯಿ ಬಿಟ್ಟು ಯಾರೂ ಇಲ್ಲ. ಹಾರಿಸಿದರು, ಚಿತ್ರ ತೆಗೆದರು, ಹೋದರು. ಮೇಲಿನಿಂದ ಏನು ಕಾಣಿಸಿತು? ಒಂದೇ ಒಂದು ಬಿಳಿ ಗೆರೆ, ಅಂಕುಡೊಂಕಿಲ್ಲದೆ, ಊರಿನ ಸುತ್ತ. ರೇವವ್ವನವರ ಕೈ ಅಷ್ಟು ಚೊಕ್ಕ. ಎಲ್ಲೋ ಕೂತ ಕಂಪ್ಯೂಟರು ಅದನ್ನೇ ಊರಿನ ಗಡಿ ಎಂದು ಹಿಡಿಯಿತು. ಗೆರೆಯ ಒಳಗಿನದು ಊರು. ಗೆರೆಯ ಹೊರಗಿನದು ಸರ್ಕಾರಿ ಖಾಲಿ ಜಾಗ, ಅದರ ಮೇಲಿನ ಮನೆಗಳೆಲ್ಲ ಒತ್ತುವರಿ.

ಗೆರೆ ಎಳೆಯಲು ಶುರು ಮಾಡಿದ ಕಾಲಕ್ಕೆ ಅಗಸಿಯ ಹೊರಗೆ ಮನೆಗಳೇ ಇರಲಿಲ್ಲ. ನೇಯುವವರು ನವಲಗುಂದದಿಂದ ಆಮೇಲೆ ಬಂದರು. ಕುರಿಗಾರರೂ ಆಮೇಲೆ ನಿಂತರು. ಯಾರೂ ಅವರನ್ನು ಬೇಕೆಂದು ಹೊರಗೆ ಬಿಟ್ಟದ್ದಲ್ಲ. ಹೊಸ ಓಣಿಗಳಿಗೂ ಗೆರೆ ಸುತ್ತಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಸುಣ್ಣದ ಗೆರೆ, ಒಂದು ಮಳೆ ಬಿದ್ದರೆ ಹೋಗುತ್ತದೆ, ಯಾರಿಗೂ ನೋವಿಲ್ಲ. ಆದರೆ ಕಂಪ್ಯೂಟರಿನಲ್ಲಿ ಮಳೆ ಬೀಳುವುದಿಲ್ಲವಲ್ಲ.

ಇದೇ ನನ್ನನ್ನು ಕಾಡುವುದು. ಯಂತ್ರ ಸುಳ್ಳು ಹೇಳಲಿಲ್ಲ. ಈ ಊರಿನ ಒಂದು ಹಳೆಯ ಮರೆವನ್ನು ಎತ್ತಿಕೊಂಡು ಕಾನೂನು ಮಾಡಿ ವಾಪಸು ಕೊಟ್ಟಿತು. ಹಾಗೆ ವಾಪಸು ಬಂದದ್ದನ್ನು ನೋಡಿ ಕೆಲವರಿಗೆ, ಇದೇ ಇರಲಿ ಬಿಡು, ಅನುಕೂಲವೇ ಆಯಿತು ಎಂದೂ ಅನ್ನಿಸಿತು. ರಸ್ತೆಯ ಪಕ್ಕದ ಜಾಗ ಅದು. ಅಲ್ಲಿ ಅಂಗಡಿ ಮಳಿಗೆ ಕಟ್ಟಬಹುದೆಂಬ ಮಾತು ಪಂಚಾಯಿತಿಯಲ್ಲಿ ಬಂದದ್ದು ಸುಳ್ಳೇ? ಹಿರಿಯ ಸದಸ್ಯರು ಶಿದ್ಲಿಂಗಪ್ಪನವರು ಇಲ್ಲೇ ಇದ್ದಾರೆ, ಅವರ ಬೆನ್ನ ಹಿಂದೆ ಹೇಳುತ್ತಿಲ್ಲ. ಅವರು ಹೇಳಿದ್ದು— ಗೆರೆ ದೇವಿಯದು, ನಾನು ಎಳೆದದ್ದಲ್ಲ, ಅಳಿಸುವವನೂ ನಾನಲ್ಲ. ಎಷ್ಟು ಸಲೀಸು ನೋಡಿ. ಕಚೇರಿಗೆ ಹೋದರೆ ಕಂಪ್ಯೂಟರ್ ಮಾಡಿದ್ದು ಎನ್ನುತ್ತಾರೆ, ಊರಿಗೆ ಬಂದರೆ ದ್ಯಾಮವ್ವ ಮಾಡಿದ್ದು ಎನ್ನುತ್ತಾರೆ. ನಡುವೆ ಮನುಷ್ಯರು ಏನೂ ಮಾಡಿಯೇ ಇಲ್ಲ!

ಕ್ಷಮಿಸಿ ಶಿದ್ಲಿಂಗಪ್ಪನವರೇ. ಇವತ್ತು ಇದು ಆಡುವ ಮಾತಲ್ಲ ಎಂದು ನಿಮ್ಮ ಮುಖದಲ್ಲೇ ಕಾಣುತ್ತಿದೆ. ಆದರೆ ನಾಡಿದ್ದು ಮಂಗಳವಾರ. ಇವತ್ತು ಆಡದೆ ನಾನು ಯಾವಾಗ ಆಡಲಿ?

ಒತ್ತುವರಿಯ ನೋಟಿಸು ಬಂದ ಮೇಲೆ ಮಡಿವಾಳೆಪ್ಪನವರು ನೇಯುವವರ ಓಣಿಯ ಖೈರುನಬಿಯ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಖೈರುನಬಿ ಮಗ್ಗದ ಮುಂದೆ ಕೂತಿದ್ದರು. ಆ ಮಗ್ಗ ಗೋಡೆಗೆ ಆನಿಸಿ ನಿಲ್ಲಿಸಿದ್ದು, ಅವರ ಅತ್ತೆ ಕಾಲದ್ದು. ಗೋಡೆ ಹೋದರೆ ಮಗ್ಗ ನಿಲ್ಲಲಾರದು. ಅವರು ಅಳಲಿಲ್ಲ, ಬೈಯಲಿಲ್ಲ. ನೂಲನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು:

"ಇಲ್ಲಿ ಏನೂ ಇಲ್ಲ ಅಂತ ಬರದೈತಲ್ರಿ ಸಾಹೇಬ್ರ. ಹಂಗಾರ ಇಷ್ಟ್ ವರ್ಷ ನಾ ಎಲ್ಲಿದ್ದೆ?"

ಎಲ್ಲ ಮಾತಿಗೂ ಮಾತು ಕೊಡುವ ಮನುಷ್ಯ, ಆ ದಿನ ಎದ್ದು ನೇರ ಬಸ್ ಸ್ಟ್ಯಾಂಡಿನ ತನಕ ನಡೆದರು. ಥರ್ಮಾಸ್ ಅಲ್ಲೇ ಮರೆತು ಬಂದಿದ್ದರು, ಅದೂ ಗೊತ್ತಿಲ್ಲ.

ಆಮೇಲೆ ಅವರು ಅಲೆದದ್ದನ್ನು ನಾನು ಬಿಡಿಸಿ ಹೇಳುವುದಿಲ್ಲ. ದೇವಕ್ಕನವರಿಗೆ ಗೊತ್ತು— ಮನೆಗೆ ಯಾವಾಗ ಬರುತ್ತಾರೆ, ಉಣ್ಣುತ್ತಾರೋ ಇಲ್ಲವೋ. ಮೇಲಿನವರು ಒಂದೇ ಮಾತು ಹಿಡಿದರು: ಗೆರೆ ಊರಿನವರೇ ಹಾಕಿದ್ದು, ಊರಿನ ಗುರುತು ಬದಲಾದರೆ ಮಾತ್ರ ನಕ್ಷೆ ಬದಲಾಗುತ್ತದೆ. ಇನ್ನೊಂದೇ ಸಲ ಡ್ರೋನ್ ಕಳಿಸುತ್ತೇವೆ, ದಿನ ನೀವೇ ಹೇಳಿ. ಇವರು ಏನು ಹೇಳಿದರು ಗೊತ್ತೇ? ಮಂಗಳವಾರ. ಕಡೆಯ ಮಂಗಳವಾರ!

ನಾನು ತಲೆ ತಲೆ ಚಚ್ಚಿಕೊಂಡೆ. ನಿಮಗೇನು ತಲೆ ಕೆಟ್ಟಿದೆಯೇ, ಅದಕ್ಕೂ ಮುಂಚಿನ ಬುಧವಾರ ಅಂದಿದ್ದರೆ ಗೆರೆಯ ಉಸಾಬರಿಯೇ ಇರುತ್ತಿರಲಿಲ್ಲ, ಮನೆ ಮನೆಯವರು ಸುಣ್ಣ ಹಾಕಿ ಬಾಗಿಲಲ್ಲಿ ನಿಲ್ಲುತ್ತಿದ್ದರು ಎಂದೆ. ಅವರು ಸಮಾಧಾನದಿಂದ ಹೇಳಿದರು— ಸಮಾಧಾನದಿಂದ, ಅದೇ ನನಗೆ ಆಶ್ಚರ್ಯ. ಬುಧವಾರ ಹಾರಿಸಿದರೆ ನಾಳೆ ಯಾರಾದರೂ ತಕರಾರು ತೆಗೆಯುತ್ತಾರೆ, ನಿಜವಾದ ಗೆರೆ ಹೋದ ವರ್ಷದ್ದೇ, ಇದನ್ನು ಯಾರೋ ಅಳಿಸಿ ಮಾಡಿದ್ದು ಅಂತ. ಮಂಗಳವಾರ, ದ್ಯಾಮವ್ವನ ಹೆಸರಲ್ಲಿ, ಅದೇ ರೇವವ್ವನ ಕೈಯಿಂದ, ಎರಡೂ ಓಣಿಗಳನ್ನು ಒಳಗೆ ಹಾಕಿಕೊಂಡು ಗೆರೆ ಬಿತ್ತೋ— ಆಮೇಲೆ ಯಾವ ಕೋರ್ಟಿಗೆ ಹೋದರೂ ಅದು ಊರೇ ಎಳೆದ ಗೆರೆ. ಅಳಿಸುವುದಲ್ಲ, ದೊಡ್ಡದು ಮಾಡುವುದು. ಇಷ್ಟೇ ಅವರ ಉಪಾಯ.

ಹೋದ ಮಂಗಳವಾರ ಅವರೂ ನಾನೂ ರೇವವ್ವನವರ ಮನೆಗೆ ಹೋದೆವು. ರೇವವ್ವ, ನಾನು ಹೆಚ್ಚು ಕಡಿಮೆ ಹೇಳಿದರೆ ಇಲ್ಲೇ ತಿದ್ದಿರಿ. ಮಡಿವಾಳೆಪ್ಪನವರು ಬೂಟು ಕಳಚಿ ಕಟ್ಟೆಯ ಮೇಲೆ ಕೂತರು, ವಿಷಯ ಹೇಳಿದರು.

"ನಮ್ಮತ್ತಿ ಎಳದಷ್ಟ ನಾ ಎಳಿಯೂದು," ಎಂದರು ರೇವವ್ವ. "ಹೆಚ್ಚಿಗಿ ಎಳಿಯಾಕ ನಾ ಯಾರು?"

"ನಿಮ್ಮತ್ತಿ ಕಾಲಕ್ಕ ಊರ ಅಷ್ಟ ಇತ್ತು, ಯವ್ವಾ. ಈಗ ಊರ ಬೆಳದೈತಿ."

"ಊರಿಗೆ ಏನರ ಆದ್ರ?"

ಅದು ಸುಮ್ಮನೆ ಕೇಳಿದ ಮಾತಲ್ಲ. ಕರೋನಾ ವರ್ಷ ಅವರ ಮನೆಯಲ್ಲೇ ಸಾವಾಗಿದೆ. ಊರಿನ ಮೇಲಿನ ಕೇಡೆಲ್ಲ ತಮ್ಮ ಕೈಯ ಸುಣ್ಣದ ಮೇಲೆ ನಿಂತಿದೆ ಎಂದು ನಂಬಿದ ಜೀವ ಅದು. ಅಂಥ ಭಾರವನ್ನು ಹೊತ್ತವರಿಗೆ ನಮ್ಮ ಕಚೇರಿಯ ಭಾಷೆಯಲ್ಲಿ ಏನು ಉತ್ತರ ಕೊಡುತ್ತೀರಿ? ಮಡಿವಾಳೆಪ್ಪನವರು ಬೂಟು ಹಾಕಿಕೊಂಡು ಎದ್ದರು. ಏಳುತ್ತ ಒಂದು ಮಾತು ಆಡಿಬಿಟ್ಟರು.

"ಆದ್ರ ನನಗ ಆಗ್ಲಿ, ಯವ್ವಾ."

ಮಂಗಳವಾರ ಆಡಿದ್ದು. ಗುರುವಾರ ಹೋದರು.

ಆಡಬಾರದಿತ್ತು. ಆ ಮಾತನ್ನು ಅವರು ಆಡಬಾರದಿತ್ತು. ದುಡುಕಿನ ಮನುಷ್ಯ, ಮಾತು ಮುಗಿಸಲೆಂದು ಆಡಿದ್ದು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಈ ಊರಿನ ಹೋಟೆಲಿನಲ್ಲಿ, ಗಿರಣಿಯಲ್ಲಿ, ಬೋರಿನ ಹತ್ತಿರ ಒಂದೇ ಮಾತು— ದೇವಿ ಗೆರಿಗೆ ಕೈ ಹಾಕಿದ, ದೇವಿ ಒಯ್ದಳು. ಮೊಬೈಲಿನಲ್ಲಿ ಅವರ ಫೋಟೋಗೆ ಹೂವಿನ ಹಾರ ಹಾಕಿ ಕೆಳಗೆ ಅದನ್ನೇ ಬರೆದು ಹಂಚಿದ್ದಾರೆ. ಆ ಫೋಟೋ ನೀಲಾಳ ಫೋನಿಗೂ ಬಂತು. ತಂದೆಯ ಹೆಣ ಇನ್ನೂ ಪಡಸಾಲೆಯಲ್ಲಿತ್ತು. ಯಾರು ಕಳಿಸಿದರೋ, ಅವರೂ ಇಲ್ಲಿ ಕೂತಿರಬಹುದು. ನಾನು ಹೆಸರು ಕೇಳುವುದಿಲ್ಲ. ಆದರೆ ನಿಮಗೆ ನಾಚಿಕೆಯಾಗಬೇಕು.

ಆ ದಿನದಿಂದ ರೇವವ್ವ ಮನೆಯಿಂದ ಹೊರಗೆ ಬಂದಿರಲಿಲ್ಲ ಎಂದು ಕೇಳಿದೆ. ಇವತ್ತು ಬಂದಿದ್ದಾರೆ. ನಾಡಿದ್ದು ಅವರು ಸುಣ್ಣದ ಬುಟ್ಟಿ ಎತ್ತುತ್ತಾರೋ ಇಲ್ಲವೋ, ಎತ್ತಿದರೆ ಹಳೆಯ ದಾರಿಯಲ್ಲೇ ಹೋಗುತ್ತಾರೋ ಏನೋ— ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ನನಗಿಲ್ಲ. ಏಕೆಂದರೆ ನನ್ನೊಳಗೂ ಒಂದು ಮೂಲೆಯಲ್ಲಿ ಆ ಹೆದರಿಕೆ ಇದೆ. ಓದಿದ್ದೇನೆ, ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತೇನೆ, ಆದರೂ ಗುರುವಾರ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಆ ಕಟ್ಟೆಯ ಮೇಲಿನ ಮಾತೇ. ಸುಳ್ಳು ಯಾಕೆ ಹೇಳಲಿ?

ಆದರೆ ಇವತ್ತು ಬೆಳಿಗ್ಗೆ ದೇವಕ್ಕನವರು ನನಗೆ ಒಂದು ವಿಷಯ ಹೇಳಿದರು. ಅವರ ಅಪ್ಪಣೆ ಪಡೆದು, ಅವರ ಎದುರಿಗೇ ಹೇಳುತ್ತೇನೆ. ಮೂರು ತಿಂಗಳ ಹಿಂದೆ ಹುಬ್ಬಳ್ಳಿಯ ಡಾಕ್ಟರು ಮಡಿವಾಳೆಪ್ಪನವರ ಎದೆ ನೋಡಿ, ತಡ ಮಾಡಬೇಡಿ, ದಾಖಲಾಗಿ ಎಂದಿದ್ದರಂತೆ. ನಿಮ್ಮ ಊರಿನ ನಕ್ಷೆ ಮುಗಿಯಲಿ ಎಂದು ಇವರು ಮುಂದೆ ಹಾಕಿದರು. ಗುಳಿಗೆ ಕೊಟ್ಟಿದ್ದರು, ದಿನಾ ನುಂಗಬೇಕಾದ್ದು. ಅಲೆದಾಟದಲ್ಲಿ ಅದೂ ತಪ್ಪಿತು. ದೇವಕ್ಕ ದೂರಿ ಹೇಳಲಿಲ್ಲ. ಹೀಗೆ ಹೇಳಿದರು:

"ನಮ್ಮ ಮನಿಯವರನ್ನ ದ್ಯಾಮವ್ವ ಒಯ್ದಿಲ್ರಿ. ಗುಳಿಗಿ ಹಂಗ ಉಳದಾವು, ನಾ ನೋಡೀನಿ. ಆ ಮುದುಕಿ ತಲಿ ಮ್ಯಾಲೆ ಇದನ್ನ ಹಾಕಬ್ಯಾಡ್ರಿ."

ಗಂಡನನ್ನು ಕಳೆದುಕೊಂಡು ಮೂರು ದಿನವಾದ ಹೆಣ್ಣುಮಗಳು, ತಾವು ಕಂಡೇ ಇರದ ರೇವವ್ವನ ಸಲುವಾಗಿ ಇಷ್ಟು ದೂರ ಬಂದಿದ್ದಾರೆ. ಇದನ್ನು ಹೇಳಲೆಂದೇ ಬಂದಿದ್ದಾರೆ.

ತಡೀರಿ. ಮುಗಿಸುತ್ತೇನೆ.

ಯಂತ್ರಕ್ಕೆ ನಾನು ಬೈಯುವುದಿಲ್ಲ. ಮಡಿವಾಳೆಪ್ಪನವರು ಕಡೆಯತನಕ ಅದನ್ನು ಬೈಯಲಿಲ್ಲ. ಅದು ನಾಡಿದ್ದು ಬರುತ್ತದೆ, ಮೇಲೆ ನಿಲ್ಲುತ್ತದೆ, ನಾವು ಏನು ತೋರಿಸುತ್ತೇವೋ ಅದನ್ನು ನೋಡುತ್ತದೆ. ಮೋಡ ಕವಿದರೆ ಬರುವುದಿಲ್ಲ, ಗಾಳಿ ಜೋರಾದರೆ ಸುಣ್ಣ ಹಾರಿಹೋಗುತ್ತದೆ, ನಿನ್ನೆಯಿಂದ ನಾನು ಬರೀ ಆಕಾಶ ನೋಡುತ್ತಿದ್ದೇನೆ. ಬುಧವಾರ ಅದು ಕಲಘಟಗಿ ಕಡೆ ಹೋಗಿಬಿಡುತ್ತದೆ, ಮತ್ತೆ ಈ ಕಡೆ ತಿರುಗುವುದಿಲ್ಲ. ಶಿದ್ಲಿಂಗಪ್ಪನವರೇ, ಅಂಗಡಿ ಮಳಿಗೆಗೆ ಬೇರೆ ಜಾಗ ಸಿಗುತ್ತದೆ. ಮಗ್ಗ ನಿಲ್ಲಿಸಲು ಖೈರುನಬಿಗೆ ಬೇರೆ ಗೋಡೆ ಸಿಗುವುದಿಲ್ಲ. ರೇವವ್ವ, ನಿಮ್ಮನ್ನು ಯಾರೂ ಬಲವಂತ ಮಾಡುವುದಿಲ್ಲ. ಗೆರೆ ನಿಮ್ಮದು. ನೀವು ಹೇಗೆ ಎಳೆದರೂ ಮಡಿವಾಳೆಪ್ಪನವರ ಸಾವು ನಿಮ್ಮ ಮೇಲೆ ಇಲ್ಲ. ಇದಿಷ್ಟನ್ನು ಎಲ್ಲರ ಮುಂದೆ ಹೇಳಬೇಕಿತ್ತು, ಹೇಳಿದೆ.

ಈಗ ನಾವೆಲ್ಲ ಎದ್ದು— ರೇವವ್ವ, ಸಾವಕಾಶ, ಇನ್ನೂ ಏಳಬೇಡಿ, ಒಟ್ಟಿಗೇ ಏಳೋಣ. ಏನಂದ್ರಿ? ಸ್ವಲ್ಪ ಗದ್ದಲ ನಿಲ್ಲಿಸಿ, ನನಗೆ ಕೇಳಿಸುತ್ತಿಲ್ಲ. ದೇವಕ್ಕ, ಅವರ ಕೈ ಹಿಡಿದುಕೊಳ್ಳಿ. ಹೇಳ್ರಿ ಯವ್ವಾ, ಮೈಕಿನಲ್ಲಿ ಹೇಳ್ರಿ... ಬೇಡವಂತೆ. ನಾನೇ ಹೇಳುತ್ತೇನೆ. ಎಲ್ಲರೂ ಕೇಳಿಸಿಕೊಳ್ಳಿ. ರೇವವ್ವ ಹೇಳುತ್ತಿದ್ದಾರೆ:

"ಕುರಿಗಾರ ಓಣಿ ದಾಟಿ ಬರಬೇಕಂದ್ರ ಮನ್ಯಾಗ ಇದ್ದ ಸುಣ್ಣ ಸಾಲಂಗಿಲ್ಲ. ನಾಳಿಗೆ ಇನ್ನೊಂದು ಚೀಲ ತರಸ್ರಿ."

ತರಿಸುತ್ತೇವೆ, ಯವ್ವಾ. ತರಿಸುತ್ತೇವೆ.

ಈಗ ಎಲ್ಲರೂ ಏಳಿ. ಫೋನುಗಳು ಜೇಬಿನಲ್ಲಿರಲಿ. ಟೋಪಿ ರುಮಾಲು ತೆಗೆಯುವವರು ತೆಗೆಯಿರಿ. ನಿಂತಲ್ಲೇ ನಿಲ್ಲಿ, ಮಡಿವಾಳೆಪ್ಪನವರಿಗಾಗಿ ಸ್ವಲ್ಪ ಹೊತ್ತು ಯಾರೂ ಏನೂ ಮಾತಾಡುವುದು ಬೇಡ.